ಪಟ್ಟಿಯಲ್ಲಿಲ್ಲದ ಎರಡು ಡಬ್ಬಿ

ಆ ಮನೆಯಲ್ಲಿ ಎಷ್ಟು ಚಮಚಗಳಿವೆ ಎಂದು ಅಲ್ಲಿಯವರೆಗೆ ಯಾರೂ ಯಾರನ್ನೂ ಕೇಳಿರಲಿಲ್ಲ. ಬೇಕಾದಾಗ ಕೈ ಹಾಕಿದರೆ ಒಂದು ಸಿಗುತ್ತಿತ್ತು, ಅಷ್ಟು ಸಾಕಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ಹುಡುಗಿ ಉದ್ದನೆಯ ನೋಟ್‌ಬುಕ್ಕೊಂದನ್ನು ಎದೆಗವಚಿಕೊಂಡು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಅಮ್ಮ, ನಮ್ಮನೇಲಿ ಒಟ್ಟು ಎಷ್ಟು ಚಮಚ?"

"ತಿನ್ನೋಕೆ ಬೇಕಾದಷ್ಟಿವೆ," ಎಂದಳು ತಾಯಿ, ಪಾತ್ರೆ ಉಜ್ಜುತ್ತಲೇ.

"ಬೇಕಾದಷ್ಟು ಅಂದ್ರೆ ಎಷ್ಟು?"

ಕಟ್ಟೆಯ ಬಳಿ ತರಕಾರಿ ಹೆಚ್ಚುತ್ತಿದ್ದ ಹುಡುಗಿಯ ದೊಡ್ಡಮ್ಮ ನಕ್ಕಳು. "ಏನೇ, ನಿನ್ನ ಮಗಳು ಮನೆ ಹರಾಜು ಹಾಕೋಕೆ ಹೊರಟಿದಾಳಾ?"

ಆರು ಜನದ ಮನೆ ಅದು, ಒಲೆ ಒಂದೇ. ಅಜ್ಜಿ, ಅವಳ ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು, ಈ ಮೊಮ್ಮಗಳು. ಹಿರಿಯ ಮಗ ಬಸ್ ಡಿಪೋದಲ್ಲಿ ಟೈರು ಬದಲಾಯಿಸುತ್ತಿದ್ದ. ಕಿರಿಯವನು, ಹುಡುಗಿಯ ಅಪ್ಪ, ಪ್ರೆಸ್ಸಿನಲ್ಲಿ ಪುಸ್ತಕ ಹೊಲಿದು ಬೈಂಡ್ ಮಾಡುತ್ತಿದ್ದ. ಹುಡುಗಿಯ ಕೈಯಲ್ಲಿದ್ದ ಉದ್ದ ನೋಟ್‌ಬುಕ್ ಅವನೇ ಉಳಿಕೆ ಕಾಗದದಿಂದ ಮಾಡಿಕೊಟ್ಟಿದ್ದು. ಬೆಳಗಿನ ಅಡುಗೆ ಮಾಡಿ, ಹೊರಗೆ ಹೋಗುವ ಮೂವರಿಗೂ ಡಬ್ಬಿ ಕಟ್ಟಿಕೊಡುವುದು ಹಿರಿಸೊಸೆಯ ಪಾಲು. ಸಂಜೆ ಆ ಡಬ್ಬಿಗಳನ್ನು ಚೀಲದಿಂದ ತೆಗೆದು, ಮನೆಯ ಪಾತ್ರೆಯನ್ನೆಲ್ಲ ತೊಳೆದಿಡುವುದು ಕಿರಿಸೊಸೆಯ ಪಾಲು. ನಡುವಿನ ಹೊತ್ತಿನಲ್ಲಿ ಕಿರಿಸೊಸೆ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ತುಳಿಯುತ್ತಿದ್ದಳು. ಇಪ್ಪತ್ತೆರಡು ವರ್ಷದಿಂದ ಇದು ಹೀಗೇ ನಡೆದುಕೊಂಡು ಬಂದಿತ್ತು. ಓರಗಿತ್ತಿಯರ ನಡುವೆ ಮುಖ ಊದುವುದು, ಮತ್ತೆ ಇಳಿಯುವುದು ಇದ್ದೇ ಇತ್ತು. ಒಲೆ ಮಾತ್ರ ಎರಡಾಗಿರಲಿಲ್ಲ.

ಹುಡುಗಿ ಓದು ಮುಗಿಸಿ ಒಬ್ಬ ಆಡಿಟರ ಆಫೀಸಿಗೆ ಕಲಿಯುವವಳಾಗಿ ಸೇರಿ ಎರಡು ವಾರವಾಗಿತ್ತು. ಹೊಸಬರು ಇಬ್ಬರು, ಖಾಲಿ ಇರುವ ಕುರ್ಚಿ ಒಂದು. ಮೂರು ತಿಂಗಳು ನೋಡಿ ಒಬ್ಬರನ್ನು ಉಳಿಸಿಕೊಳ್ಳುತ್ತಾರಂತೆ. ಕೆಲಸ ಕಲಿಸುವ ಮೇಡಂ ಕನ್ನಡಕಕ್ಕೆ ದಾರ ಕಟ್ಟಿಕೊಂಡು ಓಡಾಡುವವರು. ಮೊದಲ ದಿನವೇ ಹೇಳಿದ್ದರಂತೆ: "ಕೂಡೋದು ಕಳೆಯೋದು ಕಂಪ್ಯೂಟರ್ ಮಾಡುತ್ತೆ. ನೋಡೋದು, ಕೇಳೋದು, ನೋಡಿದ್ದನ್ನ ನೋಡಿದ ಹಾಗೇ ಬರೆಯೋದು, ಇಷ್ಟನ್ನ ನೀನು ಕಲಿ." ಎರಡನೇ ತಿಂಗಳ ಕೊನೆಗೆ ಕಬ್ಬಿಣದ ಸಾಮಾನಿನ ಗೋದಾಮೊಂದಕ್ಕೆ ಕಳಿಸಿ, ಅಲ್ಲಿರುವ ಸರಕನ್ನೆಲ್ಲ ಇವರ ಕೈಯಲ್ಲಿ ಎಣಿಸುತ್ತಾರೆ. ಅಷ್ಟರೊಳಗೆ ಎಣಿಸುವುದು ಕೈಗೆ ಹತ್ತಬೇಕು. ಅದಕ್ಕೇ ಮನೆಯಿಂದ ಶುರು.

"ಶುರು ಮಾಡಮ್ಮ," ಎಂದಳು ಅಜ್ಜಿ, ಕುರ್ಚಿಯಲ್ಲೇ ಕೂತು. "ನಾನು ಒಂದು ಅಂತ ಬರೆದುಕೋ. ಹಳೇದು, ಸ್ವಲ್ಪ ಸೊಟ್ಟಗಿದೆ ಅಂತ ಪಕ್ಕದಲ್ಲಿ ಹಾಕು."

ಹುಡುಗಿ ನಗಲಿಲ್ಲ. ಒಂದೊಂದೇ ಎಣಿಸಿ ಬರೆದಳು. ಊಟದ ತಟ್ಟೆ ಹದಿನಾಲ್ಕು, ಅದರಲ್ಲಿ ಅಂಚಿಗೆ ಗೆರೆ ಇರುವ ದಪ್ಪ ತಟ್ಟೆ ಆರು. ಆ ಆರು ಕಿರಿಸೊಸೆ ತವರಿನಿಂದ ತಂದಿದ್ದವು. ಲೋಟ ಹದಿನೆಂಟು. ಊಟದ ಡಬ್ಬಿ ದುಂಡನೆಯವು ಏಳು, ಚೌಕನೆಯವು ಎರಡು. ಚಮಚ ಇಪ್ಪತ್ತಾರು.

"ಮುಚ್ಚಳದ ಬಟ್ಟಲು ಒಂದು," ಎಂದಳು ಅಜ್ಜಿ. "ಮೇಲಿನ ಹಲಗೇಲಿ, ಹಿಟ್ಟಿನ ಡಬ್ಬದ ಹಿಂದೆ."

ಅದು ಅಜ್ಜ ತನ್ನ ಮೊದಲ ಸಂಬಳದಲ್ಲಿ ತಂದಿದ್ದಂತೆ. ಅಜ್ಜಿ ಅದನ್ನು ಬಳಸುತ್ತಿರಲಿಲ್ಲ, ಬೇರೆಯವರಿಗೆ ಬಳಸಲು ಬಿಡುತ್ತಲೂ ಇರಲಿಲ್ಲ. ಹುಡುಗಿ ಸಣ್ಣವಳಿದ್ದಾಗ ಒಂದೆರಡು ಸಲ ನೋಡಿದ್ದಳೇನೋ. ಸ್ಟೂಲು ಎಳೆಯಲು ಹೋದಳು.

"ನನ್ನ ಮಾತು ಸಾಲದೇನೆ ನಿನಗೆ?"

ಸ್ಟೂಲು ಅಲ್ಲೇ ಉಳಿಯಿತು. 'ಬಟ್ಟಲು 1' ಎಂದು ಬರೆದು, ಕೆಳಗೆ ಗೆರೆ ಎಳೆದು, ಹುಡುಗಿ ಸಹಿ ಹಾಕಿದಳು. ಸಹಿ ನೋಡಿದ ತಾಯಿಗೆ ಒಳಗೊಳಗೇ ಹಿಗ್ಗಾಯಿತು. ಆ ಮನೆಯ ಹೆಂಗಸರಲ್ಲಿ ಕಾಗದದ ಕೆಳಗೆ ಸಹಿ ಹಾಕುವ ಕೆಲಸ ಅದುವರೆಗೆ ಯಾರಿಗೂ ಇರಲಿಲ್ಲ.

ಅಂದಿನಿಂದ ಅಜ್ಜಿ ಅವಳನ್ನು ಆಡಿಟರಮ್ಮ ಎಂದೇ ಕರೆದಳು.

ಆಡಿಟರಮ್ಮ ಬೆಳಿಗ್ಗೆ ಎಂಟೂವರೆಗೆ ಹೊರಟರೆ ಸಂಜೆ ಏಳಕ್ಕೆ ಬರುತ್ತಿದ್ದಳು. ಬಂದವಳೇ ಚೀಲ ಎಸೆದು ಕನ್ನಡಿಯ ಮುಂದೆ ನಿಂತು, "ಸರ್, ಈ ಬಿಲ್ಲಿನ ಮೂಲ ಪ್ರತಿ ಸಿಗಬಹುದಾ? ಸರ್, ಮೂಲ ಪ್ರತಿ," ಎಂದು ಹೇಳಿಕೊಳ್ಳುತ್ತಿದ್ದಳು. ಕಾಡುವ ಹಾಗೆ ಕೇಳಬಾರದಂತೆ, ಪಡೆಯದೆ ಬಿಡಲೂಬಾರದಂತೆ. ಊಟದ ತಟ್ಟೆಯ ಪಕ್ಕದಲ್ಲೂ ಕಾಗದ. ಊಟಕ್ಕೆ ಏನಿತ್ತು ಎಂದು ಮರುಗಳಿಗೆ ಕೇಳಿದರೆ ಹೇಳಲು ಬರುತ್ತಿರಲಿಲ್ಲ.

"ಆಫೀಸಿನಲ್ಲಿ ಡಬ್ಬಿ ಎಲ್ಲಿ ತೊಳೀತೀಯೇ?" ಎಂದು ಒಂದು ಸಂಜೆ ದೊಡ್ಡಮ್ಮ ಕೇಳಿದಳು.

"ನಲ್ಲಿ ಇದೆ ದೊಡ್ಡಮ್ಮ. ಎಲ್ಲರೂ ಅಲ್ಲೇ ತೊಳೀತೀವಿ."

"ಒಯ್ದಿದ್ದೆಲ್ಲ ವಾಪಸ್ ತರ್ತೀಯ ತಾನೆ?"

"ತರದೆ ಏನು? ನಾನು ದಿನಾ ಬೇರೆಯವರ ಲೆಕ್ಕ ನೋಡೋಳು, ನನ್ನ ಡಬ್ಬಿ ನನಗೆ ಗೊತ್ತಾಗಲ್ವಾ?"

ಮಷಿನ್ ತುಳಿಯುತ್ತಿದ್ದ ತಾಯಿಗೆ ಆ ಪ್ರಶ್ನೆ ಚುಚ್ಚಿತು. ಮಗಳು ದುಡಿಯಲು ಹೊರಟಿರುವುದು ಓರಗಿತ್ತಿ ಅಕ್ಕನಿಗೆ ಸಹಿಸಲಾಗುತ್ತಿಲ್ಲ, ಅದಕ್ಕೇ ಹೀಗೆ ಕೆದಕುತ್ತಾಳೆ ಅಂದುಕೊಂಡಳು. ಹಿರಿಸೊಸೆಯ ಮಗಳು ಮದುವೆಯಾಗಿ ಎರಡು ಬೀದಿ ಆಚೆ ಇದ್ದಳು. ಅತ್ತೆಮನೆಯಲ್ಲಿ ಸರಿಹೋಗದೆ ಈಚೆಗಷ್ಟೇ ಗಂಡನ ಜೊತೆ ಬೇರೆ ಬಾಡಿಗೆ ಮನೆ ಹಿಡಿದಿದ್ದಳು. ಅಲ್ಲಿಗೆ ಹಿರಿಸೊಸೆ ವಾರಕ್ಕೆರಡು ಸಲ ಕೈಯಲ್ಲಿ ಚೀಲ ಹಿಡಿದು ಹೋಗಿಬರುತ್ತಿದ್ದಳು. ಆ ಚೀಲದಲ್ಲಿ ಏನಿರುತ್ತದೆ ಎಂದು ಕಿರಿಸೊಸೆ ಅದುವರೆಗೆ ಯೋಚಿಸಿರಲಿಲ್ಲ.

ಮೂರು ವಾರ ಬಿಟ್ಟು ಹುಡುಗಿ ಮತ್ತೆ ಎಣಿಸಿದಳು. ಪಟ್ಟಿ ಹಿಡಿದು, ಒಂದೊಂದು ಸಾಲಿನ ಮುಂದೆಯೂ ಪೆನ್ಸಿಲ್ಲಿನಿಂದ ಗುರುತು ಹಾಕುತ್ತಾ ಬಂದವಳು ಡಬ್ಬಿಯ ಸಾಲಿನಲ್ಲಿ ನಿಂತಳು.

"ದುಂಡು ಡಬ್ಬಿ ಐದೇ ಇವೆ. ಎರಡು ಇಲ್ಲ. ಚೌಕದ್ದು ಒಂದಿಲ್ಲ. ಚಮಚ ಐದು ಕಡಿಮೆ."

"ಸರಿಯಾಗಿ ನೋಡು," ಎಂದಳು ತಾಯಿ.

"ಎರಡು ಸಲ ನೋಡಿದೆ." ಈ ಸಲ ಅವಳು ಸ್ಟೂಲು ಎಳೆದುಕೊಂಡು ಹತ್ತಿದಳು. ಹಿಟ್ಟಿನ ಡಬ್ಬ ಸರಿಸಿದಳು. "ಅಜ್ಜಿ, ಬಟ್ಟಲೂ ಇಲ್ಲ."

ಅಜ್ಜಿ ಊರುಗೋಲಿಲ್ಲದೆ ಎದ್ದು ಬಂದದ್ದನ್ನು ಆ ಮನೆಯವರು ನೋಡಿ ವರ್ಷಗಳಾಗಿದ್ದವು. ಬಂದು, ಖಾಲಿ ಹಲಗೆ ನೋಡಿ, ಇಬ್ಬರು ಸೊಸೆಯರ ಮುಖವನ್ನೂ ನೋಡಿದಳು.

"ಅದಕ್ಕೆ ಕಾಲು ಬಂತಾ?"

ಹಿರಿಸೊಸೆ ಒಲೆಯ ಕಡೆ ತಿರುಗಿ ಉರಿ ಸಣ್ಣ ಮಾಡಿದಳು. ಉರಿ ಆಗಲೇ ಸಣ್ಣಗಿತ್ತು. ಅದನ್ನು ಕಿರಿಸೊಸೆ ಗಮನಿಸಿದಳು.

ಒಂದು ಸಲ ಕಣ್ಣು ಆ ಕಡೆ ಹೋದ ಮೇಲೆ ಕಂಡದ್ದೆಲ್ಲ ಆ ಕಡೆಗೇ ಬೆರಳು ತೋರಿಸತೊಡಗಿತು. ಪಾತ್ರೆ ತೊಳೆಯುವಾಗ ಮೊಟ್ಟೆಯಾಕಾರದ ಎರಡು ಡಬ್ಬಿ ಅವಳ ಕೈಗೆ ಸಿಗುತ್ತಿದ್ದವು. ಹಳೆಯವು, ಒಂದರ ಮುಚ್ಚಳ ನೆಗ್ಗಿತ್ತು. ತಾನು ತಂದದ್ದಲ್ಲ. ಹಾಗಾದರೆ ಅಕ್ಕನೇ ಮಗಳ ಮನೆಯಿಂದ ತಂದಿರಬೇಕು. ಒಳ್ಳೆಯದು ಆ ಕಡೆ ಹೋಗುತ್ತದೆ, ನೆಗ್ಗಿದ್ದು ಈ ಕಡೆ ಬರುತ್ತದೆ ಎಂದು ಅವಳಿಗೆ ಅನ್ನಿಸಿತು. ಒಂದು ಮಧ್ಯಾಹ್ನ ಹಿರಿಸೊಸೆ ಚಪ್ಪಲಿ ಮೆಟ್ಟುತ್ತಿರುವಾಗ ಮಷಿನ್ ನಿಲ್ಲಿಸಿ ಕೇಳಿಯೇಬಿಟ್ಟಳು.

"ಚೀಲ ಭಾರ ಇದ್ದ ಹಾಗಿದೆ ಅಕ್ಕ."

"ಬೇಳೆ ಕಣೆ. ಅವಳ ಮನೇಲಿ ಮುಗಿದಿದೆಯಂತೆ. ನಿಮ್ಮ ಭಾವನ ಕಡೆಯಿಂದಲೇ ತರಿಸಿದ್ದು."

"ನಾನೇನು ಕೇಳಿದೆನಾ?"

"ಕೇಳಿದ್ಯಲ್ಲ ಈಗ."

ಹಿರಿಸೊಸೆ ಚೀಲದ ಬಾಯಿ ಬಿಡಿಸಿ ತೋರಿಸಿದಳು. ಮೇಲೆ ಬೇಳೆಯೇ ಇತ್ತು. ಕೆಳಗೇನಿದೆ ಎಂದು ಕೈ ಹಾಕುವಷ್ಟು ಕಿರಿಸೊಸೆ ಇನ್ನೂ ಇಳಿದಿರಲಿಲ್ಲ. ಆದರೆ ಓರಗಿತ್ತಿ ಬೀದಿ ದಾಟಿದ ಮೇಲೆ ಅಡುಗೆಮನೆಗೆ ಹೋಗಿ ತನ್ನ ತವರಿನ ಆರು ತಟ್ಟೆ ತೆಗೆದುಕೊಂಡಳು. ಹೊಲಿಗೆ ಬಟ್ಟೆಯ ಪೆಟ್ಟಿಗೆಯ ತಳದಲ್ಲಿಟ್ಟು, ಮೇಲೆ ಗಿರಾಕಿಗಳ ಬಟ್ಟೆ ಹರಡಿದಳು. ಎಲ್ಲ ಶಾಂತವಾಗುವವರೆಗೆ, ಅಷ್ಟೇ. ಹಾಗೆಂದು ತನಗೆ ತಾನೇ ಹೇಳಿಕೊಂಡು ಮತ್ತೆ ಮಷಿನ್ ತುಳಿದಳು. ಅಂದು ಹೊಲಿದ ಎರಡು ತೋಳೂ ಉಲ್ಟಾ ಕೂತಿದ್ದವು, ಮರುದಿನ ಬಿಚ್ಚಿ ಹಾಕಬೇಕಾಯಿತು.

ಮುಂದಿನ ಭಾನುವಾರ ಹುಡುಗಿ ಮೂರನೇ ಸಲ ಎಣಿಸಲು ಕೂತಳು. ಗೋದಾಮಿಗೆ ಹೋಗಲು ಎರಡೇ ವಾರ ಉಳಿದಿತ್ತು. ಮನೆಯವರೆಲ್ಲ ಊಟಕ್ಕೆ ಕೂತಿದ್ದರು.

"ಗೆರೆ ತಟ್ಟೆ ಆರೂ ಇಲ್ಲ."

ತುತ್ತು ಹಿಡಿದಿದ್ದ ಕೈಗಳೆಲ್ಲ ನಿಂತವು. ಈಗಲೇ ಹೇಳಿಬಿಡಬೇಕು ಎಂದು ತಾಯಿ ಬಾಯಿ ತೆರೆದಳು. ಅಷ್ಟರಲ್ಲಿ ಅಜ್ಜಿ ಶುರು ಮಾಡಿದಳು.

"ಮೊದಲು ಚಮಚ, ಆಮೇಲೆ ಡಬ್ಬಿ, ಆಮೇಲೆ ನನ್ನ ಬಟ್ಟಲು, ಈಗ ತಟ್ಟೆ. ಹೊಸ ಸಂಸಾರಕ್ಕೆ ಒಂದೊಂದಾಗಿ ಎಲ್ಲಾ ಬೇಕಾಗುತ್ತೆ, ಅಲ್ವೇನೆ?"

"ಅತ್ತೆ, ನೀವು ಯಾರಿಗೆ ಹೇಳ್ತಿದೀರ?" ಎಂದಳು ಹಿರಿಸೊಸೆ.

"ಯಾರಿಗೆ ಮುಟ್ಟಬೇಕೋ ಅವರಿಗೆ ಮುಟ್ಟಿದೆ."

"ನನ್ನ ಮಗಳ ಮನೆಗೆ ಈಗಲೇ ಹೋಗಿ ನೋಡಿಕೊಂಡು ಬನ್ನಿ. ಒಂದು ಚಮಚ ಸಿಕ್ಕಿದ್ರೆ ನಾನು ಈ ಮನೇಲಿ ನೀರು ಮುಟ್ಟಲ್ಲ."

"ಅಮ್ಮ, ಸಾಕು," ಎಂದ ಹಿರಿಯ ಮಗ.

"ಸಾಕು ಅಂತ ನನಗೆ ಹೇಳ್ತೀಯ. ನಿನ್ನ ಹೆಂಡತಿಗೆ ಹೇಳು."

ಅವನು ತಟ್ಟೆ ತಳ್ಳಿ ಎದ್ದ. ಬೈಂಡರ್ ಕೆಲಸದ ಕಿರಿಯವನು ಅಣ್ಣನ ಹಿಂದೆ ಬಾಗಿಲವರೆಗೆ ಹೋಗಿ, ಹೆಂಡತಿಯ ಮುಖ ನೋಡಿದ. ಕಿರಿಸೊಸೆ ಅನ್ನ ಕಲಸುತ್ತಲೇ ಇದ್ದಳು. ಆಗ ಹೇಳದ ಮಾತು ಗಂಟೆ ಕಳೆದಂತೆಲ್ಲ ಇನ್ನಷ್ಟು ಭಾರವಾಯಿತು. ಸಂಜೆಯ ಹೊತ್ತಿಗೆ ಅದನ್ನು ಎತ್ತುವ ಶಕ್ತಿ ಅವಳಲ್ಲಿ ಉಳಿಯಲಿಲ್ಲ.

ಹಿರಿಸೊಸೆಯೇ ಬಂದು ಮಷಿನ್ ಪಕ್ಕ ನಿಂತಳು.

"ನೀನೂ ಹಾಗೇ ಅಂದ್ಕೊಂಡಿದೀಯಾ?"

"ನಾನೇನು ಅಂದೆ ಅಕ್ಕ?"

"ಏನೂ ಅನ್ನಲಿಲ್ಲ. ಅದನ್ನೇ ಕೇಳ್ತಿದೀನಿ."

ಕಿರಿಸೊಸೆ ಸೂಜಿಗೆ ದಾರ ಪೋಣಿಸಿದಳು. ದಾರ ಒಳಹೋಗಲು ಬಹಳ ಹೊತ್ತು ಹಿಡಿಯಿತು. ತಲೆ ಎತ್ತುವಷ್ಟರಲ್ಲಿ ಹಿರಿಸೊಸೆ ಅಲ್ಲಿರಲಿಲ್ಲ.

ಮರುದಿನ ಹಿರಿಸೊಸೆ ತನಗೂ ಗಂಡನಿಗೂ ಅಷ್ಟೇ ಅಡುಗೆ ಮಾಡಿ ಪಾತ್ರೆ ಮುಚ್ಚಿಟ್ಟಳು. ಹುಡುಗಿಯ ಡಬ್ಬಿಯನ್ನು ಮಾತ್ರ ಯಾವಾಗಿನಂತೆ ಕಟ್ಟಿಟ್ಟಿದ್ದಳು. ಕಿರಿಸೊಸೆ ಅದರ ಮುಚ್ಚಳ ತೆಗೆದು ಮೂಸಿ ನೋಡಿ, ಮತ್ತೆ ಮುಚ್ಚಿದಳು. ಹಾಗೆ ಮೂಸಿದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು. ಒಂದೇ ಒಲೆಗೆ ಎರಡು ಸರದಿ. ಬೆಳಿಗ್ಗೆ ಏಳರವರೆಗೆ ಅವರು, ಏಳರ ನಂತರ ಇವರು. ಉಪ್ಪಿನ ಡಬ್ಬಿಯೂ ಎರಡಾಯಿತು. ಅಜ್ಜಿ ಇಬ್ಬರ ಕೈಯಡುಗೆಯನ್ನೂ ತಿಂದು, ಎರಡರಲ್ಲೂ ಉಪ್ಪು ಕಡಿಮೆ ಎನ್ನುತ್ತಿದ್ದಳು.

ನಾಲ್ಕು ದಿನ ಕಳೆದ ಮೇಲೆ ಕಿರಿಸೊಸೆ ಗಂಡನಿಗೆ ಹೇಳಿದಳು. "ರೀ, ಹೀಗೆ ಸರದಿ ಕಾಯ್ಕೊಂಡು ಎಷ್ಟು ದಿನ? ಒಂದು ಒಲೆ ತಂದುಬಿಡಿ. ಹಿಂದಿನ ವರಾಂಡದಲ್ಲಿ ಇಟ್ಕೊಳ್ಳೋಣ."

"ಯೋಚಿಸಿ ಹೇಳ್ತಿದೀಯಾ?"

"ನನ್ನ ಹೊಲಿಗೆ ದುಡ್ಡಲ್ಲೇ ತನ್ನಿ."

"ದುಡ್ಡಿನ ಮಾತಲ್ಲ ಕಣೆ. ಅಣ್ಣ ನನಗೆ ಸೈಕಲ್ ಕಲಿಸಿದವನು." ಬೈಂಡರ್ ಹೆಚ್ಚು ಮಾತಿನವನಲ್ಲ. ಮರುದಿನ ಒಲೆ ತಂದ. ಪೆಟ್ಟಿಗೆ ಒಡೆಯದೆ ವರಾಂಡದ ಮೂಲೆಯಲ್ಲಿಟ್ಟ. ಗ್ಯಾಸಿನ ಸಂಪರ್ಕಕ್ಕೆ ಹತ್ತು ಹನ್ನೆರಡು ದಿನ ಹಿಡಿಯುತ್ತದೆ ಎಂದಿದ್ದರಂತೆ. ಹುಡುಗಿ ಅಪ್ಪನ ಜೇಬಿನಿಂದ ಬಿಲ್ಲು ತೆಗೆದು ತನ್ನ ನೋಟ್‌ಬುಕ್ಕಿಗೆ ಅಂಟಿಸಿಕೊಂಡಳು. ಸಿಕ್ಕ ಬಿಲ್ಲನ್ನೆಲ್ಲ ಹಾಗೆ ಅಂಟಿಸಿಕೊಳ್ಳುವುದು ಅವಳಿಗೀಗ ಅಭ್ಯಾಸವಾಗಿತ್ತು.

"ಅಮ್ಮ, ನಾನು ಎಣಿಸಿದ್ದಕ್ಕೇ ಹೀಗಾಯ್ತಾ?"

"ನೀನು ಎಣಿಸಿದೆ, ಅಷ್ಟೇ. ಮನಸ್ಸಿಗೆ ಹಚ್ಚಿಕೋಬೇಡ. ಗೋದಾಮಿನ ಕೆಲಸ ನೋಡಿಕೋ." ಮಗಳ ತಲೆ ಬಾಚುತ್ತಿದ್ದಳು ತಾಯಿ. ಬಾಚಣಿಗೆ ಸಿಕ್ಕಿನಲ್ಲಿ ನಿಂತಿತು. ತಟ್ಟೆ ಬಚ್ಚಿಟ್ಟ ಹೊಲಿಗೆ ಪೆಟ್ಟಿಗೆ ಎರಡು ಮಾರು ದೂರದಲ್ಲಿತ್ತು. ಈಗಲೂ ಹೇಳಬಹುದಿತ್ತು.

ಗೋದಾಮಿಗೆ ಹೋದ ದಿನ ಹುಡುಗಿ ಬೇಗ ಮನೆಗೆ ಬಂದಳು. ಬಂದವಳು ಚೀಲ ಎಸೆಯಲಿಲ್ಲ, ಕನ್ನಡಿಯ ಮುಂದೆ ನಿಲ್ಲಲಿಲ್ಲ. ಹೊಸ್ತಿಲ ಬಳಿ ಕೂತಳು.

"ಏನಾಯ್ತೇ?" ಎಂದಳು ತಾಯಿ.

"ಪಟ್ಟೀಲಿದ್ದ ಮುನ್ನೂರ ಹತ್ತು ಸಾಲೂ ಸರಿಯಾಗಿತ್ತಮ್ಮ. ಒಂದೂ ತಪ್ಪಿಲ್ಲ ಅಂತ ಬರೆದು ಸಹಿ ಹಾಕಿ ಮೇಡಂಗೆ ಕೊಟ್ಟೆ. ಅವರು ಮೂಲೇಲಿದ್ದ ಹನ್ನೆರಡು ಪೆಟ್ಟಿಗೆ ತೋರಿಸಿ, ಇವು ಯಾವ ಸಾಲಲ್ಲಿವೆ ಅಂದ್ರು. ಯಾವ ಸಾಲಲ್ಲೂ ಇರಲಿಲ್ಲ. ನಾನು ಅವುಗಳ ಪಕ್ಕದಲ್ಲೇ ಕೂತು ಊಟ ಮಾಡಿದ್ದೆ."

"ಅದಕ್ಕೆ?"

"ಪಟ್ಟಿ ಹಿಡ್ಕೊಂಡು ಸಾಮಾನು ಹುಡುಕಿದೆ, ಸಾಮಾನು ಹಿಡ್ಕೊಂಡು ಪಟ್ಟೀಲಿ ಹುಡುಕಿದೆಯಾ ಅಂದ್ರು. ಏನು ಇಲ್ಲ ಅನ್ನೋದು ಅರ್ಧ ಎಣಿಕೆಯಂತೆ. ಇರಬಾರದ್ದು ಏನಿದೆ ಅನ್ನೋದು ಇನ್ನರ್ಧ." ಅವಳು ಸ್ವಲ್ಪ ಹೊತ್ತು ಉಗುರು ಕಚ್ಚಿದಳು. ಆಮೇಲೆ ತಲೆ ಎತ್ತಿದಳು. "ಅಮ್ಮ, ನಮ್ಮನೇದೂ ನಾನು ಅರ್ಧಾನೇ ಎಣಿಸಿದ್ದು."

ನೋಟ್‌ಬುಕ್ಕನ್ನು ಅಜ್ಜಿಯ ಮಡಿಲಲ್ಲಿಟ್ಟು ಅಡುಗೆಮನೆಗೆ ಹೋದಳು. ಹಿರಿಸೊಸೆ ಸಂಜೆಯ ತನ್ನ ಸರದಿಯಲ್ಲಿ ಒಲೆಯ ಮುಂದಿದ್ದಳು. ಹುಡುಗಿ ಹಲಗೆಯಿಂದ ಒಂದೊಂದೇ ಪಾತ್ರೆ ಕೈಗೆತ್ತಿಕೊಂಡು ಕೂಗಿ ಹೇಳುತ್ತಿದ್ದಳು. ಅಜ್ಜಿ ಪಟ್ಟಿಯ ಮೇಲೆ ಬೆರಳಾಡಿಸಿ "ಇದೆ" ಎನ್ನುತ್ತಿದ್ದಳು.

"ಮೊಟ್ಟೆಯಾಕಾರದ ಡಬ್ಬಿ, ಎರಡು."

ಅಜ್ಜಿಯ ಬೆರಳು ಮೇಲಿನಿಂದ ಕೆಳಗೆ, ಮತ್ತೆ ಮೇಲಕ್ಕೆ ಹೋಯಿತು. "ಇಲ್ಲಿ ಇಲ್ಲವಲ್ಲೇ."

"ಇವು ಯಾರದ್ದು?" ಹುಡುಗಿ ಡಬ್ಬಿಗಳನ್ನು ಕಟ್ಟೆಯ ಮೇಲಿಟ್ಟಳು.

"ನಿಮ್ಮಮ್ಮ ತಂದಿದ್ದಲ್ವಾ?" ಎಂದಳು ಹಿರಿಸೊಸೆ. "ತೊಳೆದಿಟ್ಟಿರ್ತಾಳೆ, ನಾನು ಅದರಲ್ಲೇ ನಿನಗೆ ಅನ್ನ ಕಟ್ಟಿಕೊಡ್ತೀನಿ."

"ನಾನಾ?" ಕಿರಿಸೊಸೆ ಬಾಗಿಲಿಗೆ ಬಂದಳು. "ನಿಮ್ಮ ಮಗಳ ಮನೆಯಿಂದ ಬಂದಿದ್ದು ಅಂದ್ಕೊಂಡಿದ್ದೆ ಅಕ್ಕ."

ಇಬ್ಬರೂ ಎರಡು ವಾರದ ಮೇಲೆ ಮೊದಲ ಸಲ ಮುಖ ನೋಡಿಕೊಂಡರು.

ಹುಡುಗಿ ಕನ್ನಡಿಯ ಮುಂದೆ ಕಲಿತ ಮೆಲುದನಿಯಲ್ಲಿ ಕೇಳಿದಳು. "ಅಮ್ಮ, ಇವನ್ನ ನೀನು ಮೊದಲು ನೋಡಿದ್ದು ಎಲ್ಲಿ?"

"ಎಲ್ಲಿ ಅಂದ್ರೆ... ತೊಳೆಯೋಕೆ ತೆಗೆದಾಗ. ನಿನ್ನ ಚೀಲದಲ್ಲಿ."

ಹೇಳುತ್ತಾ ಹೇಳುತ್ತಾ ತಾಯಿಯ ಧ್ವನಿ ಇಳಿಯಿತು. ಹುಡುಗಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಆಫೀಸಿನ ನಲ್ಲಿಯ ಪಕ್ಕದ ಕಲ್ಲಿನ ಮೇಲೆ ಏಳೆಂಟು ಜನರ ಡಬ್ಬಿ ಒಟ್ಟಿಗೆ ಬೋರಲು ಬಿದ್ದಿರುತ್ತಿದ್ದವು. ಸಂಜೆ ಹೊರಡುವ ಗಡಿಬಿಡಿಯಲ್ಲಿ, ಕಣ್ಣು ಕಾಗದದ ಮೇಲಿಟ್ಟು, ಕೈಗೆ ಸಿಕ್ಕಿದ್ದನ್ನು ಅವಳು ಚೀಲಕ್ಕೆ ತುರುಕುತ್ತಿದ್ದಳು. ಮನೆಯ ಎಲ್ಲ ಹಲಗೆ, ಎಲ್ಲ ಮೂಲೆ ಎಣಿಸಿದವಳು ತನ್ನ ಹೆಗಲ ಮೇಲಿನ ಚೀಲವನ್ನು ಒಂದು ದಿನವೂ ಎಣಿಸಿರಲಿಲ್ಲ.

"ಹಾಗಾದ್ರೆ ನನ್ನ ಬಟ್ಟಲು?" ಎಂದಳು ಅಜ್ಜಿ.

ಹಿರಿಸೊಸೆ ಒಲೆ ಆರಿಸಿದಳು. "ಅದು ನಾನೇ ಕೊಟ್ಟಿದ್ದು ಅತ್ತೆ. ಮೊಸರು ಹಾಕಿ. ಅವತ್ತು ಸಣ್ಣ ಡಬ್ಬಿ ಒಂದೂ ಇರಲಿಲ್ಲ, ಮೊಸರಿಲ್ಲದೆ ಇವಳು ಊಟ ಮಾಡಲ್ಲ. ಸಂಜೆ ತೊಳೆದು ಇಟ್ಟುಬಿಡ್ತೀನಿ ಅಂದ್ಕೊಂಡೆ. ವಾಪಸ್ ಬರಲೇ ಇಲ್ಲ."

"ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ?"

"ನಿಮ್ಮ ಬಾಯಿಗೆ ಹೆದರಿದೆ, ಅದೊಂದು." ಹಿರಿಸೊಸೆ ಹುಡುಗಿಯ ಕಡೆ ನೋಡಿದಳು. "ಇನ್ನೊಂದು, ಇವಳು ಸಹಿ ಹಾಕಿದ ಕಾಗದ ಹಿಡ್ಕೊಂಡು ಓದ್ತಾ ನಿಂತಿದ್ದಳು. ಅವಳ ಮೊದಲನೇ ಕೆಲಸ. ಕಳೆದವಳು ನೀನೇ ಅಂತ ಎಲ್ಲರ ಮುಂದೆ ಹೇಗೆ ಹೇಳಲಿ? ಆಫೀಸಲ್ಲಿ ಕುರ್ಚಿ ಗಟ್ಟಿಯಾಗಲಿ, ಆಮೇಲೆ ಒಬ್ಬಳನ್ನೇ ಕೂರಿಸಿ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಒಲೇನೇ ಬಂತು."

ಅಜ್ಜಿ ನೋಟ್‌ಬುಕ್ ಮುಚ್ಚಿದಳು.

"ತಟ್ಟೆ?" ಎಂದಳು ಹುಡುಗಿ, ನೆಲದ ಮೇಲಿಂದಲೇ. "ತಟ್ಟೆ ನಾನು ಒಯ್ದಿಲ್ಲ ದೊಡ್ಡಮ್ಮ. ಆರೂ ಎಲ್ಲಿ ಹೋದವು?"

ಕಿರಿಸೊಸೆ ನಲ್ಲಿ ತಿರುಗಿಸಿ, ತೊಳೆದಿದ್ದ ಪಾತ್ರೆಯನ್ನೇ ಮತ್ತೆ ತೊಳೆಯತೊಡಗಿದಳು.

ಮರುದಿನ ಮಧ್ಯಾಹ್ನ ಗಂಡಸರು ಕೆಲಸಕ್ಕೆ ಹೋಗಿದ್ದರು, ಅಜ್ಜಿ ಮಲಗಿದ್ದಳು. ಹಿರಿಸೊಸೆಯ ಚಪ್ಪಲಿ ಬಾಗಿಲಲ್ಲಿ ಇಲ್ಲದ್ದನ್ನು ನೋಡಿಕೊಂಡು ಕಿರಿಸೊಸೆ ಪೆಟ್ಟಿಗೆ ತೆರೆದಳು. ತಟ್ಟೆಗಳಿಗೆ ದಾರದ ಎಳೆ, ಬಟ್ಟೆಯ ಚೂರು ಅಂಟಿದ್ದವು. ಅಡುಗೆಮನೆಗೆ ಒಯ್ದು ಒರೆಸುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಹಿರಿಸೊಸೆ ಬೇಳೆಯ ಖಾಲಿ ಚೀಲ ಹಿಡಿದು ನಿಂತಿದ್ದಳು.

ಕಿರಿಸೊಸೆಯ ಕೈ ತಟ್ಟೆಯ ಮೇಲೇ ಉಳಿಯಿತು.

ಹಿರಿಸೊಸೆ ಒಳಗೆ ಬಂದು, ಚೀಲವನ್ನು ಮೊಳೆಗೆ ಹಾಕಿ, ಇನ್ನೊಂದು ಒಣಬಟ್ಟೆ ತೆಗೆದುಕೊಂಡಳು. ಮೇಲಿನ ತಟ್ಟೆಗೆ ಅಂಟಿದ್ದ ನೀಲಿ ದಾರವನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು.

"ಇವೂ ಆಫೀಸಿಗೆ ಹೋಗಿದ್ವೇನೆ?"

ಕಿರಿಸೊಸೆಯ ಕಣ್ಣು ತುಂಬಿತು.

"ಹೋಗಿದ್ವು ಅಂತಲೇ ಹೇಳೋಣ ಬಿಡು," ಎಂದಳು ಹಿರಿಸೊಸೆ, ತಟ್ಟೆ ಒರೆಸುತ್ತಾ. "ಅತ್ತೆಗೆ ಇನ್ನೊಂದು ವಾರಕ್ಕೆ ಆಗುವಷ್ಟು ಮಾತು ಯಾಕೆ ಕೊಡಬೇಕು? ಹುಡುಗಿ ಹೇಗೂ ಒಂದು ಮೂಟೆ ಹೊತ್ತು ತರ್ತಾಳೆ."

ಮೂಟೆಯೇ ತಂದಳು. ಆಫೀಸಿನ ಮೂಲೆಯ ಕಪಾಟಿನಲ್ಲಿ ಯಾರದ್ದೆಂದು ಗೊತ್ತಾಗದೆ ಉಳಿದ ಡಬ್ಬಿಗಳ ಗುಡ್ಡೆಯೇ ಇತ್ತಂತೆ. ಅದರಲ್ಲಿ ಇವರ ದುಂಡು ಡಬ್ಬಿ ಎರಡು, ಚೌಕದ್ದು ಒಂದು, ಚಮಚ ನಾಲ್ಕು.

"ಬಟ್ಟಲು?" ಎಂದಳು ಅಜ್ಜಿ.

"ಬಟ್ಟಲು ಮೇಡಂ ಮೇಜಿನ ಮೇಲಿತ್ತು. ಗುಂಡುಪಿನ್ನು ಹಾಕಿಟ್ಟಿದ್ರು. ಐದು ವಾರದಿಂದ ದಿನಾ ಅದರಿಂದಲೇ ಪಿನ್ನು ತಗೊಂಡು ಕಾಗದ ಚುಚ್ಚಿದೀನಿ."

ಬೈಂಡರ್ ಮೊದಲು ನಕ್ಕ. ಅವನ ಅಣ್ಣ ನಗು ತಡೆಯಲು ಹೋಗಿ ಕೆಮ್ಮಿದ.

"ಹೇಗೆ ಕೇಳಿದೆ?" ಎಂದಳು ತಾಯಿ.

"ಮೇಡಂ, ಈ ಬಟ್ಟಲು ನಮ್ಮಜ್ಜೀದು, ವಾಪಸ್ ಸಿಗಬಹುದಾ ಅಂದೆ. ಏನು ಸಾಕ್ಷಿ ಅಂದ್ರು. ಮುಚ್ಚಳದ ಒಳಗೆ ಒಂದು ಗೀರು ಇರಬೇಕು ಅಂತ ಅಜ್ಜಿ ನಿನ್ನೆ ಹೇಳಿದ್ಲಲ್ಲ, ಅದನ್ನ ಹೇಳಿದೆ. ತೆಗೆದು ನೋಡಿದ್ರು. ಪಿನ್ನೆಲ್ಲ ನನ್ನ ಅಂಗೈಗೆ ಸುರಿದು ಬಟ್ಟಲು ಕೊಟ್ರು. ಮುಂದಿನ ವಾರ ಇನ್ನೊಂದು ಗೋದಾಮಿದೆ, ಬಾ ಅಂದ್ರು." ಅವಳು ತಡೆದು ಸೇರಿಸಿದಳು. "ಕುರ್ಚಿ ವಿಷಯ ಏನೂ ಹೇಳಲಿಲ್ಲ."

ಅಜ್ಜಿ ಮುಚ್ಚಳ ತೆಗೆದು, ಗೀರಿನ ಮೇಲೆ ಹೆಬ್ಬೆರಳಾಡಿಸಿ, ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡಳು. ಹುಡುಗಿ ನೆಲದ ಮೇಲೆ ಕೂತು ಎಲ್ಲವನ್ನೂ ಎಣಿಸಿ ಗುರುತು ಹಾಕಿದಳು. ಒಂದು ಚಮಚ ಮಾತ್ರ ಸಿಗಲಿಲ್ಲ. ಆಮೇಲೆ ಅಡುಗೆಮನೆಗೆ ಹೋಗಿ ಬಂದಳು. ಅವಳ ಪೆನ್ಸಿಲ್ ಗಾಳಿಯಲ್ಲಿ ನಿಂತಿತು.

"ಗೆರೆ ತಟ್ಟೆ ಆರೂ ಹಲಗೆ ಮೇಲಿವೆ."

"ಇದ್ದರೆ ಒಳ್ಳೇದಾಯ್ತಲ್ಲ, ಗುರುತು ಹಾಕು," ಎಂದಳು ಹಿರಿಸೊಸೆ ಬೇಗನೆ. "ನಿನ್ನ ಜೊ‌ತೇಲೇ ಬಂದಿರಬೇಕು."

"ನಾನು ತಂದಿಲ್ಲ ದೊಡ್ಡಮ್ಮ. ಊಟದ ತಟ್ಟೆ ನನ್ನ ಚೀಲಕ್ಕೆ ಹಿಡಿಯಲ್ಲ. ಎಲ್ಲಿದ್ದವು ಅಂತ ಬರೀಲಿ?"

ಕೇಳಿದ್ದು ಯಾರನ್ನೂ ಅಲ್ಲ. ನೋಟ ಪಟ್ಟಿಯ ಮೇಲಿತ್ತು. ಅಜ್ಜಿಯ ಕಣ್ಣು ಮಾತ್ರ ಅಭ್ಯಾಸದಂತೆ ಹಿರಿಸೊಸೆಯ ಕಡೆಗೇ ಹೋಯಿತು, ಅಲ್ಲೇ ನಿಂತಿತು. ಅದನ್ನು ಕಂಡಾಗ ಕಿರಿಸೊಸೆಗೆ ಇನ್ನು ತಡೆಯಲಾಗಲಿಲ್ಲ.

"ನನ್ನ ಹೊಲಿಗೆ ಪೆಟ್ಟಿಗೇಲಿದ್ದವು ಅಂತ ಬರಿ."

"ಯಾರು ಇಟ್ಟಿದ್ದು?" ಹುಡುಗಿ ತಲೆ ಎತ್ತಿದಳು.

"ನಾನೇ. ಅಕ್ಕ ಒಯ್ದುಬಿಡ್ತಾರೆ ಅಂತ ಬಚ್ಚಿಟ್ಟಿದ್ದೆ. ಅವತ್ತು ಊಟಕ್ಕೆ ಕೂತಾಗ ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ."

ಬೈಂಡರ್ ನಗು ನಿಲ್ಲಿಸಿದ್ದ. ಅಜ್ಜಿ ಏನೋ ಹೇಳಲು ಬಾಯಿ ತೆರೆದು, ಮಡಿಲಲ್ಲಿದ್ದ ಬಟ್ಟಲು ನೋಡಿ, ಹಾಗೇ ಮುಚ್ಚಿದಳು. ಹಿರಿಸೊಸೆ ಗೋಡೆಗೆ ಒರಗಿ ಕೂತು ನೆಲ ನೋಡುತ್ತಿದ್ದಳು. ಹುಡುಗಿ ಪೆನ್ಸಿಲ್ಲನ್ನು ಕಾಗದದ ಮೇಲಿಟ್ಟು ಅಮ್ಮನನ್ನೇ ನೋಡಿದಳು. ಬರೆಯಲೋ ಬೇಡವೋ ಎಂಬ ಪ್ರಶ್ನೆ ಅವಳ ಮುಖದಲ್ಲಿತ್ತು.

"ನೋಡಿದ್ದನ್ನ ನೋಡಿದ ಹಾಗೇ ಬರೀಬೇಕು ಅಂದಿದಾರಲ್ಲ ನಿಮ್ಮ ಮೇಡಂ," ಎಂದಳು ತಾಯಿ. "ಬರಿ."

ಹುಡುಗಿ ಬರೆದಳು. ಪೆನ್ಸಿಲ್ ಕಾಗದದ ಮೇಲೆ ಓಡುವ ಸದ್ದು ಎಲ್ಲರಿಗೂ ಕೇಳಿಸಿತು. ಬರೆದು, ಗೆರೆ ಎಳೆದು, ಸಹಿ ಹಾಕಿ, ಪುಟ ತಿರುವಿದಳು. ಹಿಂದಿನ ಪುಟದಲ್ಲಿ ಏನನ್ನೋ ಓದಿದಳು.

"ಅಪ್ಪ, ಒಲೆ ಪೆಟ್ಟಿಗೆ ಒಡೆದಿಲ್ಲ ತಾನೆ?"

"ಇಲ್ಲ."

"ಹತ್ತು ದಿನದೊಳಗೆ ಬಿಲ್ಲು ತಂದ್ರೆ ವಾಪಸ್ ತಗೋತೀವಿ ಅಂತ ಇದರ ಕೆಳಗೆ ಬರೆದಿದೆ. ಇವತ್ತಿಗೆ ಒಂಬತ್ತು."

ಎಲ್ಲರೂ ಹಿರಿಸೊಸೆಯ ಕಡೆ ನೋಡಿದರು. ಅವಳು ಎದ್ದು ಅಡುಗೆಮನೆಗೆ ಹೋದಳು. ಒಳಗೆ ಡಬ್ಬಿಯೊಂದರ ಮುಚ್ಚಳ ತೆರೆದ ಸದ್ದಾಯಿತು, ಒಂದರಿಂದ ಇನ್ನೊಂದಕ್ಕೆ ಉಪ್ಪು ಸುರಿದ ಸದ್ದಾಯಿತು.

"ಏನೇ," ಎಂದು ಒಳಗಿನಿಂದ ಕರೆದಳು. "ಆರು ಜನಕ್ಕೆ ಅಕ್ಕಿ ಎಷ್ಟು ಹಾಕ್ತಿದ್ವಿ? ಮರೆತೇ ಹೋಗಿದೆ, ಬಂದು ಅಳೆದುಕೊಡು."

ಕಿರಿಸೊಸೆ ಎದ್ದಳು.